ಮಲ್ಕಾಜ್‌ಗಿರಿಯಿಂದ ಎರಡು ದಿನ: ಓದಲು ಬಂದವರಿಗೆ ವಾರಾಂತ್ಯದ ದಾರಿಗಳು

ಜರ್ಮನಿಗೆ ಓದಲು ಹೋದ ಹುಡುಗಿ ಶುಕ್ರವಾರ ರಾತ್ರಿ ರೈಲು ಹತ್ತಿ ಶನಿವಾರ ಬೆಳಿಗ್ಗೆ ಪ್ರಾಗ್‌ನಲ್ಲಿ ಇಳಿಯುತ್ತಾಳೆ. ಭಾನುವಾರ ರಾತ್ರಿ ಹಾಸ್ಟೆಲಿಗೆ ಮರಳಿ ಸೋಮವಾರ ತರಗತಿಯಲ್ಲಿ ಕೂರುತ್ತಾಳೆ. ಆಕೆ ಕಳಿಸಿದ ಫೋಟೋಗಳನ್ನು ಇಲ್ಲಿ ಅಪ್ಪ ಅಮ್ಮ ನೆರೆಹೊರೆಯವರಿಗೆಲ್ಲ ತೋರಿಸುತ್ತಾರೆ. ಅದೇ ಹೊತ್ತಿನಲ್ಲಿ ರಾಯಚೂರಿನಿಂದಲೋ ಬೀದರಿನಿಂದಲೋ ಹೈದರಾಬಾದಿಗೆ ಓದಲು ಬಂದು ಮಲ್ಕಾಜ್‌ಗಿರಿ, ಆನಂದಬಾಗ್, ಸಫಿಲ್‌ಗುಡ, ಮೌಲಾಲಿ ಕಡೆ ಕೋಣೆ ಹಿಡಿದಿರುವ ನಮ್ಮ ಮಕ್ಕಳ ಶನಿವಾರ ಹಾಸಿಗೆಯ ಮೇಲೆ ಮೊಬೈಲ್ ನೋಡುತ್ತ ಕಳೆದುಹೋಗುತ್ತದೆ. ಎರಡೇ ದಿನದಲ್ಲಿ ಎಲ್ಲಿಗೆ ಹೋಗಿ ಬರುವುದು ಎಂದು ಕೇಳುತ್ತಾರೆ.

ಎಲ್ಲಿಗೆ ಎಂಬುದಕ್ಕೆ ಉತ್ತರ ದೊಡ್ಡದಿದೆ. ಹೈದರಾಬಾದಿನ ಸುತ್ತಲಿನ ನೆಲ ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು ಆಳಿದ ನೆಲ. ಪಂಪನಿಗೆ ಆಶ್ರಯ ಕೊಟ್ಟ ಅರಸನ ರಾಜಧಾನಿ ಇಲ್ಲಿಂದ ಬಸ್ಸಿನ ದಾರಿ. ರಾಷ್ಟ್ರಕೂಟರ ಮಾನ್ಯಖೇಟ ರೈಲಿನ ದಾರಿ. ಶಾಲೆಯ ಪಠ್ಯದಲ್ಲಿ ಹೆಸರು ಉರುಹೊಡೆದ ಊರುಗಳೆಲ್ಲ ಶನಿವಾರ ಹೋಗಿ ಭಾನುವಾರ ಮರಳುವಷ್ಟು ಹತ್ತಿರದಲ್ಲಿವೆ. ಕನ್ನಡ ಓದಬಲ್ಲ ಒಬ್ಬ ವಿದ್ಯಾರ್ಥಿ ಇವನ್ನು ನೋಡದೆಯೇ ನಾಲ್ಕು ವರ್ಷ ಮುಗಿಸಿ ಹೋಗುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೇಗೆ ಹೋಗುವುದು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಊರನ್ನಲ್ಲ, ಹಳಿಯನ್ನು ಆರಿಸಿ

ವಾರಾಂತ್ಯದ ತಿರುಗಾಟ ಕೆಡುವುದು ಊರಿನ ಆಯ್ಕೆಯಿಂದಲ್ಲ, ಓಡಾಟದಿಂದ. ಶನಿವಾರ ಪೂರ್ವಕ್ಕೆ ವಾರಂಗಲ್, ಭಾನುವಾರ ಪಶ್ಚಿಮಕ್ಕೆ ಬೀದರ್ ಎಂದು ಹೊರಟವರು ಎರಡು ದಿನವನ್ನೂ ಬಸ್ ಸ್ಟ್ಯಾಂಡುಗಳಲ್ಲೇ ಕಳೆಯುತ್ತಾರೆ. ಆದ್ದರಿಂದ ಒಂದು ವಾರಕ್ಕೆ ಒಂದೇ ರೈಲು ಮಾರ್ಗ ಹಿಡಿಯಿರಿ. ಆ ಮಾರ್ಗದಲ್ಲಿ ನೋಡಬೇಕೆಂದಿರುವ ಊರುಗಳಲ್ಲಿ ಎಲ್ಲಕ್ಕಿಂತ ದೂರದ್ದಕ್ಕೆ ಶನಿವಾರ ಬೆಳಿಗ್ಗೆಯೇ ನೇರವಾಗಿ ಹೋಗಿಬಿಡಿ. ಉಳಿದ ಊರುಗಳನ್ನು ಮನೆಯ ಕಡೆ ಬರುತ್ತ ನೋಡಿ. ಭಾನುವಾರ ಸಂಜೆ ದಣಿವಾದಾಗ ಮನೆ ಹತ್ತಿರವಿರುತ್ತದೆ. ಕೊನೆಯ ಊರು ಬಿಟ್ಟುಹೋದರೂ ಚಿಂತೆಯಿಲ್ಲ, ಹತ್ತಿರದ ಊರಿಗೆ ಇನ್ನೊಂದು ಭಾನುವಾರ ಹೋದರಾಯಿತು. ಹತ್ತಿರದ್ದನ್ನು ಮೊದಲು ನೋಡುತ್ತ ಹೊರಟವರು ಮಾತ್ರ ಭಾನುವಾರ ಸಂಜೆ ಮನೆಯಿಂದ ಇನ್ನೂರು ಕಿಲೋಮೀಟರ್ ಆಚೆ ನಿಂತಿರುತ್ತಾರೆ.

ಎರಡನೆಯ ಮಾತು, ಮರಳುವ ಟಿಕೆಟನ್ನು ಮೊದಲು ನೋಡಿ. ಹೋಗುವುದು ಹೇಗಾದರೂ ಆಗುತ್ತದೆ. ಭಾನುವಾರ ಸಂಜೆ ಹೈದರಾಬಾದಿನ ಕಡೆ ಬರುವ ಎಲ್ಲ ರೈಲುಗಳೂ ತುಂಬಿರುತ್ತವೆ, ಊರಿಗೆ ಹೋದ ಅರ್ಧ ನಗರವೇ ಆ ಹೊತ್ತಿಗೆ ಮರಳುತ್ತಿರುತ್ತದೆ. ಮರಳುವ ರೈಲು ಖಚಿತವಾದ ಮೇಲೆ ಉಳಿದದ್ದನ್ನು ಹಿಂದಕ್ಕೆ ಎಣಿಸುತ್ತ ಬರೆದುಕೊಳ್ಳಿ: ಎಷ್ಟು ಹೊತ್ತಿಗೆ ನಿಲ್ದಾಣದಲ್ಲಿರಬೇಕು, ಅದಕ್ಕೆ ಕೊನೆಯ ಊರಿನಿಂದ ಬಸ್ ಯಾವುದು, ಹಾಗಾದರೆ ಅಲ್ಲಿ ಎಷ್ಟು ಹೊತ್ತು ಸಿಗುತ್ತದೆ.

ನಿಲ್ದಾಣದ ಹೆಸರನ್ನು ಎರಡು ಸಲ ಓದಿ

ಮಲ್ಕಾಜ್‌ಗಿರಿಯಲ್ಲಿ ಇರುವವರಿಗೆ ರೈಲಿನ ವಿಷಯದಲ್ಲಿ ನಗರದ ಬೇರೆ ಬಡಾವಣೆಗಳಿಗಿಲ್ಲದ ಅನುಕೂಲವಿದೆ. ಸ್ವಂತ ನಿಲ್ದಾಣವೇ ಒಂದು ಜಂಕ್ಷನ್. ಉತ್ತರಕ್ಕೆ ಬೊಲಾರಂ, ಮೇಡ್ಚಲ್ ದಾಟಿ ನಿಜಾಮಾಬಾದ್, ನಾಂದೇಡ್, ಮನ್ಮಾಡ್ ಕಡೆಗೆ ಹೋಗುವ ಹಳಿ ಇಲ್ಲಿಂದಲೇ ಹಾದುಹೋಗುತ್ತದೆ. ಪಶ್ಚಿಮಕ್ಕೆ ಸಿಕಂದರಾಬಾದ್, ದಕ್ಷಿಣಕ್ಕೆ ಕಾಚಿಗುಡ, ಪೂರ್ವಕ್ಕೆ ಮೌಲಾಲಿ, ಚರ್ಲಪಲ್ಲಿ ಎಲ್ಲವೂ ಹತ್ತಿರ.

ಅನುಕೂಲದ ಜೊತೆಗೆ ಗೊಂದಲವೂ ಇದೆ. ಹೈದರಾಬಾದಿಗೆ ನಿಲ್ದಾಣ ಒಂದಲ್ಲ. ಟಿಕೆಟಿನಲ್ಲಿ 'ಹೈದರಾಬಾದ್' ಎಂದಿದ್ದರೆ ಅದು ನಾಂಪಲ್ಲಿ. ಕರ್ನೂಲು, ಬೆಂಗಳೂರು ಕಡೆಯ ಬಹಳಷ್ಟು ರೈಲುಗಳು ಕಾಚಿಗುಡದವು. ಸಿಕಂದರಾಬಾದ್ ನಿಲ್ದಾಣದ ಮರುನಿರ್ಮಾಣದ ಕೆಲಸದಿಂದಾಗಿ ಹಲವು ರೈಲುಗಳನ್ನು ಚರ್ಲಪಲ್ಲಿಗೆ ಸಾಗಿಸಿದ್ದಾರೆ. ಅಲ್ಲಿನ ಹೊಸ ಟರ್ಮಿನಲ್ 2025ರ ಜನವರಿ 6ರಂದು ಉದ್ಘಾಟನೆಯಾಯಿತು. ಹೋದ ವರ್ಷ ಗೆಳೆಯ ಹತ್ತಿದ ರೈಲು ಈ ವರ್ಷ ಬೇರೆ ನಿಲ್ದಾಣದಿಂದ ಹೊರಡುತ್ತಿರಬಹುದು. ಆದ್ದರಿಂದ ಪ್ರತಿ ಸಲವೂ ಹೊರಡುವ ನಿಲ್ದಾಣದ ಹೆಸರನ್ನೂ ಸಮಯವನ್ನೂ ಹೊಸದಾಗಿಯೇ ನೋಡಬೇಕು. ನಾಂಪಲ್ಲಿಯ ರೈಲಿಗೆ ಚರ್ಲಪಲ್ಲಿಯಲ್ಲಿ ಕಾದು ನಿಂತರೆ ವಾರಾಂತ್ಯ ಅಲ್ಲಿಗೇ ಮುಗಿಯಿತು. ಮೆಟ್ರೋ ಮಲ್ಕಾಜ್‌ಗಿರಿಗೆ ಬಂದಿಲ್ಲ. ಮೆಟ್ಟುಗುಡ ಅಥವಾ ತಾರ್ನಾಕಾದವರೆಗೆ ಆಟೋದಲ್ಲಿ ಹೋಗಿ ಅಲ್ಲಿ ಹತ್ತಬೇಕು.

ಟಿಕೆಟಿನ ನಿಯಮಗಳಲ್ಲಿ ಇಷ್ಟು ತಿಳಿದಿದ್ದರೆ ಸಾಕು. 2024ರ ನವೆಂಬರ್‌ನಿಂದ ಮುಂಗಡ ರಿಸರ್ವೇಶನ್ 120 ದಿನಗಳ ಬದಲು 60 ದಿನ ಮೊದಲು ತೆರೆಯುತ್ತದೆ. ತತ್ಕಾಲ್ ಹಿಂದಿನ ದಿನ, ಏಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಿಸಿದ ಖಾತೆಯೇ ಬೇಕು. ಶುಕ್ರವಾರ 11 ಗಂಟೆಗೆ ಅದನ್ನು ಜೋಡಿಸಲು ಕೂರಬೇಡಿ, ಈ ವಾರವೇ ಮಾಡಿಟ್ಟುಕೊಳ್ಳಿ. ನೂರು ಕಿಲೋಮೀಟರ್ ಒಳಗಿನ ಊರುಗಳಿಗೆ ರಿಸರ್ವೇಶನ್ ಚಿಂತೆಯೇ ಬೇಡ, ಮೊಬೈಲಿನಲ್ಲೇ ಜನರಲ್ ಟಿಕೆಟ್ ತೆಗೆದು ಪ್ಯಾಸೆಂಜರ್ ಹತ್ತಿದರಾಯಿತು. ವಿದ್ಯಾರ್ಥಿಗಳಿಗೆ ರೈಲ್ವೆ ಕೊಡುವ ರಿಯಾಯಿತಿ ರಜೆಗೆ ಊರಿಗೆ ಹೋಗಿಬರಲು ಮತ್ತು ಕಾಲೇಜಿನ ಶೈಕ್ಷಣಿಕ ಪ್ರವಾಸಕ್ಕೆ ಇರುವಂಥದ್ದು. ಕಾಲೇಜಿನ ಪ್ರಮಾಣಪತ್ರ ಹಿಡಿದು ಕೌಂಟರಿನಲ್ಲಿ ಪಡೆಯಬೇಕು. ಸ್ನೇಹಿತರ ಜೊತೆಗಿನ ತಿರುಗಾಟಕ್ಕೆ ಅದು ನಡೆಯುವುದಿಲ್ಲ. ಆದರೆ ಇತಿಹಾಸ ಅಥವಾ ಕನ್ನಡ ವಿಭಾಗದವರು ಮೇಷ್ಟ್ರನ್ನು ಒಪ್ಪಿಸಿ ಮುಂದೆ ಹೇಳುವ ಮಳಖೇಡಕ್ಕೋ ಎಲ್ಲೋರಾಕ್ಕೋ ವಿಭಾಗದಿಂದಲೇ ಪ್ರವಾಸ ಏರ್ಪಡಿಸಿದರೆ ಅದನ್ನು ಧಾರಾಳವಾಗಿ ಬಳಸಿಕೊಳ್ಳಬಹುದು.

ಬಸ್ಸಿನಲ್ಲಿ ಹೋಗುವ ಹುಡುಗಿಯರು ಒಂದು ವಿಷಯ ಗಮನಿಸಬೇಕು. ತೆಲಂಗಾಣದ ಮಹಾಲಕ್ಷ್ಮಿ ಯೋಜನೆಯಲ್ಲಿ 2023ರ ಡಿಸೆಂಬರ್‌ನಿಂದ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಅದಕ್ಕೆ ತೆಲಂಗಾಣದ ವಿಳಾಸವಿರುವ ಗುರುತಿನ ಚೀಟಿ ಬೇಕು. ಆಧಾರ್‌ನಲ್ಲಿ ಇನ್ನೂ ಸಿಂಧನೂರಿನ ವಿಳಾಸ ಇದ್ದರೆ ಇಲ್ಲಿ ದುಡ್ಡು ಕೊಡಬೇಕು. ಆದರೆ ಅದೇ ಆಧಾರ್ ಗಡಿ ದಾಟಿದ ಮೇಲೆ ಬೀದರ್‌ನಿಂದ ಬಸವಕಲ್ಯಾಣಕ್ಕೆ, ಕಲಬುರಗಿಯಿಂದ ಮಳಖೇಡಕ್ಕೆ ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಕರೆದೊಯ್ಯುತ್ತದೆ. ಚೀಟಿಯನ್ನು ಮಾತ್ರ ಮರೆಯಬಾರದು.

ಪೂರ್ವದ ಹಳಿ: ಹನುಮಕೊಂಡದಿಂದ ಭುವನಗಿರಿಗೆ

ಮೊದಲ ಸಲ ಹೊರಡುವವರಿಗೆ ನಾನು ಹೇಳುವುದು ಕಾಜಿಪೇಟೆ ಮಾರ್ಗ. ಶನಿವಾರ ಬೆಳಿಗ್ಗೆ ಸಿಕಂದರಾಬಾದ್ ಅಥವಾ ಚರ್ಲಪಲ್ಲಿಯಿಂದ ಹೊರಟು ನೇರವಾಗಿ ಕಾಜಿಪೇಟೆ ಅಥವಾ ವಾರಂಗಲ್‌ನಲ್ಲಿ ಇಳಿಯಿರಿ. ಹನುಮಕೊಂಡದ ಸಾವಿರ ಕಂಬದ ಗುಡಿ ಕಾಕತೀಯ ರುದ್ರದೇವ 1163ರಲ್ಲಿ ಕಟ್ಟಿಸಿದ್ದು. ಅದನ್ನು ಎಲ್ಲರೂ ನೋಡುತ್ತಾರೆ. ಅಲ್ಲಿಂದ ಸ್ವಲ್ಪ ದೂರದ ಪದ್ಮಾಕ್ಷಿ ಗುಡ್ಡವನ್ನು ಕನ್ನಡದವರು ತಪ್ಪಿಸಬಾರದು. ಕಡಲಾಲಯ ಬಸದಿ ಎಂದು ಕರೆಸಿಕೊಂಡಿದ್ದ ಜೈನ ನೆಲೆ ಅದು. ಅಲ್ಲಿರುವ 1117ರ ಶಾಸನ ಕನ್ನಡದ್ದು. ಕಾಕತೀಯರು ಆಗಿನ್ನೂ ಕಲ್ಯಾಣದ ಚಾಲುಕ್ಯರ ಸಾಮಂತರು, ಹಾಗಾಗಿ ಶಾಸನದಲ್ಲಿ ಲೆಕ್ಕ ಹಿಡಿದಿರುವುದು ಚಾಲುಕ್ಯ ವಿಕ್ರಮ ಶಕೆಯನ್ನು. ಹಳೆಯ ಅಕ್ಷರಗಳು ಸಲೀಸಾಗಿ ಓದಲು ಬರುವುದಿಲ್ಲ ನಿಜ. ಆದರೂ ಒಂದೊಂದು ಅಕ್ಷರ ಗುರುತು ಹತ್ತಿದಾಗ ಆಗುವ ಸಂತೋಷವನ್ನು ಅಲ್ಲೇ ನಿಂತು ಅನುಭವಿಸಬೇಕು.

ಮಧ್ಯಾಹ್ನ ವಾರಂಗಲ್ ಕೋಟೆಗೆ ಹೋಗಿ ಕೀರ್ತಿತೋರಣಗಳನ್ನು ನೋಡಿ, ರಾತ್ರಿ ಹನುಮಕೊಂಡದಲ್ಲೇ ಉಳಿಯಿರಿ. ಪಾಲಂಪೇಟೆಯ ರಾಮಪ್ಪ ಗುಡಿಯ ಆಸೆ ಎಲ್ಲರಿಗೂ ಹುಟ್ಟುತ್ತದೆ. 1213ರ ಆ ಗುಡಿ 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅದಕ್ಕೆ ಹೋಗಿಬರಲು ಅರ್ಧ ದಿನವಾದರೂ ಬೇಕು. ಅದನ್ನು ಸೇರಿಸಿಕೊಂಡರೆ ಮರಳುವ ದಾರಿಯ ಊರುಗಳನ್ನು ಬಿಡಬೇಕು. ಎರಡರಲ್ಲಿ ಒಂದು ಮಾತ್ರ ಸಾಧ್ಯ, ಹೊರಡುವ ಮೊದಲೇ ಗಟ್ಟಿಮಾಡಿಕೊಳ್ಳಿ.

ರಾಮಪ್ಪ ಬೇಡವೆಂದವರು ಭಾನುವಾರ ಬೆಳಗಿನ ರೈಲಿಗೆ ಆಲೇರಿನಲ್ಲಿ ಇಳಿದು ಆಟೋದಲ್ಲಿ ಕೊಲನುಪಾಕಕ್ಕೆ ಹೋಗಿ. ನಮ್ಮ ಹಳೆಯ ಕೊಲ್ಲಿಪಾಕೆ ಇದೇ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ದೊಡ್ಡ ಪಟ್ಟಣ. ಇಲ್ಲಿನ ಜೈನ ಮಂದಿರಕ್ಕೆ ದೇಶದ ಮೂಲೆ ಮೂಲೆಯಿಂದ ಯಾತ್ರಿಕರು ಬರುತ್ತಾರೆ. ಹಸಿರು ಕಲ್ಲಿನ ಮಹಾವೀರನ ಮೂರ್ತಿಯ ಮುಂದೆ ಮಾತು ತಾನಾಗಿ ನಿಲ್ಲುತ್ತದೆ. ಊರಿನ ಇನ್ನೊಂದು ಬದಿಗೆ ಸೋಮೇಶ್ವರ ದೇವಾಲಯ. ರೇಣುಕಾಚಾರ್ಯರು ಉದ್ಭವಿಸಿದ್ದು ಇಲ್ಲಿನ ಸೋಮೇಶ್ವರ ಲಿಂಗದಿಂದ ಎಂಬ ನಂಬಿಕೆ ವೀರಶೈವ ಪರಂಪರೆಯಲ್ಲಿದೆ. ರೇಣುಕಾಚಾರ್ಯರ ಪೀಠವಿರುವ ಬಾಳೆಹೊನ್ನೂರಿನ ಹೆಸರು ಕೇಳಿ ಬೆಳೆದ ಮಲೆನಾಡಿನ ಮಕ್ಕಳಿಗೂ ಈ ಊರು ಹೊಸದಲ್ಲ. ಗುಡಿಯ ಅಂಗಳದಲ್ಲಿ ಕೂಡಿಟ್ಟಿರುವ ಶಿಲ್ಪಗಳನ್ನೂ ಕನ್ನಡ ಶಾಸನದ ಕಲ್ಲುಗಳನ್ನೂ ನಿಧಾನವಾಗಿ ನೋಡಿ. ಜೈನ ಮಂದಿರಕ್ಕೆ ಹೆಚ್ಚು ಜನ, ಸೋಮೇಶ್ವರಕ್ಕೆ ಕಡಿಮೆ. ಎರಡಕ್ಕೂ ಸಮಾನ ಹೊತ್ತು ಕೊಡಿ ಎಂಬುದು ನನ್ನ ಆಗ್ರಹ.

ಮತ್ತೆ ಆಲೇರಿಗೆ ಬಂದು ರೈಲು ಹತ್ತಿದರೆ ಮನೆಯ ಕಡೆಗೆ ಭೋನಗಿರಿ, ಅಂದರೆ ಭುವನಗಿರಿ. ಊರ ನಡುವೆ ನೂರೈವತ್ತು ಮೀಟರಿನಷ್ಟು ಎತ್ತರಕ್ಕೆ ಎದ್ದು ನಿಂತ ಒಂದೇ ಬಂಡೆ, ಅದರ ತಲೆಯ ಮೇಲೆ ಕೋಟೆ. ಕಟ್ಟಿಸಿದವನು ತ್ರಿಭುವನಮಲ್ಲ ಆರನೆಯ ವಿಕ್ರಮಾದಿತ್ಯ, 1076ರಿಂದ 1126ರವರೆಗೆ ಕಲ್ಯಾಣದಲ್ಲಿ ಆಳಿದವನು. ಮೇಲೇರಲು ಮೆಟ್ಟಿಲು ಸ್ವಲ್ಪ, ಬರಿಯ ಬಂಡೆ ಬಹಳ. ಮಳೆ ಬಂದ ದಿನ ಹತ್ತಬೇಡಿ, ಕಾಲು ಜಾರುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಅಂತೂ ಬೇಡವೇ ಬೇಡ, ಕಾದ ಕಲ್ಲಿನ ಮೇಲೆ ಕೈ ಇಡಲಾಗುವುದಿಲ್ಲ. ಚಳಿಗಾಲದ ಇಳಿಹೊತ್ತಿನಲ್ಲಿ ಹತ್ತಿ ಬೆಳಕಿರುವಾಗಲೇ ಇಳಿದುಬಿಟ್ಟರೆ, ರಾತ್ರಿ ಊಟದ ಹೊತ್ತಿಗೆ ಮೌಲಾಲಿ ದಾಟಿ ಮನೆ ಸೇರಬಹುದು.

ಪಶ್ಚಿಮದ ಹಳಿ: ಕಲಬುರಗಿ, ಮಳಖೇಡ

ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಓಡಿತು. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಹುಡುಗರು 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಓದಲು ಬಂದದ್ದು ಈ ಹಳಿಯ ಮೇಲೆ. ಇಂದಿನ ವಿದ್ಯಾರ್ಥಿ ಅದೇ ಹಳಿಯಲ್ಲಿ ಎದುರು ದಿಕ್ಕಿಗೆ ಹೊರಡಬೇಕು.

ಶನಿವಾರ ಬೆಳಿಗ್ಗೆ ಸಿಕಂದರಾಬಾದ್‌ನಿಂದ ವಾಡಿ ಮೂಲಕ ನೇರ ಕಲಬುರಗಿ. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಬೇರೆ ಮಸೀದಿಗಳಿಗಿರುವ ತೆರೆದ ಅಂಗಳ ಇದಕ್ಕಿಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಮಾಡು. ಒಳಗೆ ನಿಂತು ಕಮಾನುಗಳ ಸಾಲು ದೂರಕ್ಕೆ ಸಾಗುವುದನ್ನು ನೋಡಿ. ಬಳಿಕ ಬಂದೇ ನವಾಜರ ದರ್ಗಾ, ಸಂಜೆ ಶರಣಬಸವೇಶ್ವರರ ಗುಡಿ. ಊಟಕ್ಕೆ ದೊಡ್ಡ ಹೋಟೆಲು ಹುಡುಕಬೇಡಿ. ಖಾನಾವಳಿಗೆ ಹೋಗಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ತೊಗರಿಬೇಳೆ ಕೇಳಿ. ಮೆಸ್ಸಿನ ಅನ್ನ ಸಾರು ಉಂಡು ಬೇಸತ್ತವರಿಗೆ ಈ ಒಂದು ಊಟಕ್ಕಾಗಿಯೇ ಹೋಗಿಬಂದರೂ ನಷ್ಟವಿಲ್ಲ. ಕನ್ನಡದಲ್ಲಿ ಎರಡು ದಿನ ಮಾತಾಡುವುದೂ ಒಂದು ವಿಶ್ರಾಂತಿಯೇ.

ಭಾನುವಾರ ಬೆಳಿಗ್ಗೆ ಸೇಡಂ ಬಸ್ ಹತ್ತಿ ಮಳಖೇಡದಲ್ಲಿ ಇಳಿಯಿರಿ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಒಂಬತ್ತನೆಯ ಶತಮಾನದಲ್ಲಿ ಇಲ್ಲಿಂದ ಆಳಿದ. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ 'ಕವಿರಾಜಮಾರ್ಗ' ಅವನ ಆಸ್ಥಾನದ್ದು. ಕಾಗಿಣಾ ನದಿಯ ದಂಡೆಯಲ್ಲಿ ಕೋಟೆಯ ಗೋಡೆಗಳು, ಒಳಗೆ ವಾಸದ ಮನೆಗಳು. ಹಂಪಿಯಂಥ ವೈಭವವನ್ನು ನಿರೀಕ್ಷಿಸಿ ಹೋದವರು ಪೆಚ್ಚಾಗುತ್ತಾರೆ, ಆದ್ದರಿಂದ ಮೊದಲೇ ಹೇಳುತ್ತೇನೆ: ಇಲ್ಲಿ ಕಣ್ಣಿಗೆ ಕಾಣುವುದು ಕಡಿಮೆ. ಹೋಗುವ ಮೊದಲು ಓದಿಕೊಂಡು ಹೋಗಬೇಕಾದ ಊರು ಇದು. ಹಳೆಯ ನೇಮಿನಾಥ ಬಸದಿಯಿದೆ. ನದಿಯ ಬಳಿ ಟೀಕಾಚಾರ್ಯ ಜಯತೀರ್ಥರ ವೃಂದಾವನವಿದೆ, ಮಾಧ್ವರಿಗೆ ಅದು ದೊಡ್ಡ ಕ್ಷೇತ್ರ.

ಮರಳುವಾಗ ಮತ್ತೆ ಕಲಬುರಗಿಗೆ ಹೋಗುವ ಅಗತ್ಯವಿಲ್ಲ. ಮಳಖೇಡ ರೋಡ್ ಎಂಬ ನಿಲ್ದಾಣ ಇದೆ, ಆದರೆ ಎಕ್ಸ್‌ಪ್ರೆಸ್‌ಗಳೆಲ್ಲ ಅಲ್ಲಿ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಸೇಡಂ ಸೇರಿ ಅಲ್ಲಿ ರೈಲು ಹತ್ತುವುದು ವಾಸಿ. ಟಿಕೆಟನ್ನೂ ಸೇಡಂನಿಂದಲೇ ತೆಗೆದಿಡಿ.

ಇದೇ ಹಳಿಯಿಂದ ವಿಕಾರಾಬಾದ್‌ನಲ್ಲಿ ಕವಲೊಡೆದು ಜಹೀರಾಬಾದ್ ಮೇಲೆ ಬೀದರಿಗೆ ಹೋಗುವ ಮಾರ್ಗ ಇನ್ನೊಂದು ವಾರಕ್ಕೆ. ಬೀದರಿನ ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು ಒಂದು ದಿನಕ್ಕೆ ಸರಿಹೋಗುತ್ತವೆ. ಬಿದರಿ ಕೆಲಸದ ಅಂಗಡಿಯಲ್ಲಿ ಕೊಳ್ಳದಿದ್ದರೂ ಪರವಾಗಿಲ್ಲ, ಸತು ತಾಮ್ರದ ಎರಕದ ಮೇಲೆ ಬೆಳ್ಳಿ ತಂತಿ ಕೂರಿಸುವುದನ್ನು ಕುಳಿತು ನೋಡಿ. ಕೊನೆಗೆ ಕಪ್ಪು ಬಣ್ಣ ಹಿಡಿಸುವುದು ಕೋಟೆಯ ಹಳೆಯ ಮಣ್ಣು. ಎರಡನೆಯ ದಿನ ಬಸವಕಲ್ಯಾಣಕ್ಕೆ ಹೋಗುವವರು ಮರಳುವಾಗ ಹುಮನಾಬಾದ್ ಬಳಿಯ ಜಲಸಂಗ್ವಿಯಲ್ಲಿ ಇಳಿಯಿರಿ. ಅಲ್ಲಿನ ಗುಡಿಯ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ವಿಕ್ರಮಾದಿತ್ಯನ ಶಾಸನ ಬರೆಯುತ್ತ ನಿಂತಿದ್ದಾಳೆ. ಹೈದರಾಬಾದಿನ ಬಸ್ಸು ಹುಮನಾಬಾದಿನಲ್ಲೇ ಸಿಗುತ್ತದೆ.

ಸ್ವಂತ ನಿಲ್ದಾಣದ ಹಳಿಯಲ್ಲಿ ರಾತ್ರಿ ರೈಲು

ಯುರೋಪಿನ ವಿದ್ಯಾರ್ಥಿಗಳಂತೆ ಶುಕ್ರವಾರ ರಾತ್ರಿ ಹೊರಟು ಶನಿವಾರ ಬೇರೊಂದು ನಾಡಿನಲ್ಲಿ ಕಣ್ಣು ಬಿಡುವ ಆಸೆ ಇದ್ದರೆ ಮನ್ಮಾಡ್ ಹಳಿ ಹಿಡಿಯಿರಿ. 1900ರ ಸುಮಾರಿಗೆ ಗೋದಾವರಿ ಕಣಿವೆಯ ರೈಲೆಂದು ಹಾಕಿದ ಮಾರ್ಗ ಇದು. ಕಾಚಿಗುಡದಿಂದ ಸಂಜೆ ಹೊರಡುವ ಅಜಂತಾ ಎಕ್ಸ್‌ಪ್ರೆಸ್ ಬೆಳಗಿನ ಜಾವ ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ತಲುಪುತ್ತದೆ. ಹೊರಡುವುದು ಸಂಜೆಯಾದ್ದರಿಂದ ಶುಕ್ರವಾರದ ಕೊನೆಯ ತರಗತಿಯನ್ನು ಲೆಕ್ಕ ಹಾಕಿಕೊಂಡೇ ಟಿಕೆಟ್ ತೆಗೆಯಬೇಕು.

ನಿಲ್ದಾಣದಲ್ಲೇ ಮುಖ ತೊಳೆದು, ಚೀಲವನ್ನು ಕ್ಲೋಕ್ ರೂಮಿನಲ್ಲೋ ಲಾಡ್ಜಿನಲ್ಲೋ ಇಟ್ಟು, ಎಲ್ಲೋರಾಕ್ಕೆ ಹೊರಡಿ. ಸುಮಾರು 30 ಕಿಲೋಮೀಟರ್. ಕೈಲಾಸ ದೇವಾಲಯವನ್ನು ಬೆಟ್ಟದಿಂದ ಕೊರೆಯಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ, ಎಂಟನೆಯ ಶತಮಾನದಲ್ಲಿ. ಮಳಖೇಡದಲ್ಲಿ ಮುರಿದ ಗೋಡೆಗಳನ್ನು ನೋಡಿದವರಿಗೆ ಆ ವಂಶದ ಶಕ್ತಿ ಎಂಥದ್ದು ಎಂಬುದು ಇಲ್ಲಿ ಅರ್ಥವಾಗುತ್ತದೆ. ಎರಡನ್ನೂ ಒಂದೇ ಸೆಮಿಸ್ಟರಿನಲ್ಲಿ ನೋಡಿ. ಮರಳುವ ದಾರಿಯಲ್ಲಿ ದೌಲತಾಬಾದ್, ಸೇವುಣರ ದೇವಗಿರಿ. ಆ ಅರಸರ ಶಾಸನಗಳಲ್ಲೂ ಬಹಳಷ್ಟು ಕನ್ನಡದವು. ಭಾನುವಾರಕ್ಕೆ ಅಜಂತಾ, ಸುಮಾರು 100 ಕಿಲೋಮೀಟರ್ ದೂರ. ರಾತ್ರಿ ಮತ್ತೆ ರೈಲು. ಎಲ್ಲೋರಾಕ್ಕೆ ಮಂಗಳವಾರ ರಜೆ, ಅಜಂತಾಕ್ಕೆ ಸೋಮವಾರ, ಹಾಗಾಗಿ ವಾರಾಂತ್ಯಕ್ಕೆ ತೊಂದರೆಯಿಲ್ಲ. ಸೋಮವಾರದ ಮೊದಲ ತರಗತಿ ಮಾತ್ರ ತಪ್ಪುವ ಸಾಧ್ಯತೆ ಇದೆ. ಆ ದಿನ ಟೆಸ್ಟ್ ಇದ್ದರೆ ಈ ಪ್ರವಾಸ ಇಟ್ಟುಕೊಳ್ಳಬೇಡಿ.

ಒಂದೇ ದಿನ ಬಿಡುವಿದ್ದರೆ ಇದೇ ಹಳಿಯಲ್ಲಿ ಮೆದಕ್. ಅಕ್ಕನ್ನಪೇಟೆಯಿಂದ ಮೆದಕ್‌ಗೆ ಕವಲು ಮಾರ್ಗ 2022ರಲ್ಲಿ ತೆರೆಯಿತು. ಕಾಚಿಗುಡದ ಪ್ಯಾಸೆಂಜರ್ ಮಲ್ಕಾಜ್‌ಗಿರಿ ಮೇಲೆಯೇ ಹೋಗುತ್ತದೆ. 1924ರ ಕ್ರಿಸ್‌ಮಸ್ ದಿನ ಪ್ರತಿಷ್ಠಾಪನೆಯಾದ ಅಲ್ಲಿನ ಕ್ಯಾಥೆಡ್ರಲ್‌ನ ಬಣ್ಣದ ಗಾಜಿನ ಕಿಟಕಿಗಳನ್ನು ಬಿಸಿಲು ಚೆನ್ನಾಗಿರುವಾಗ ನೋಡಬೇಕು. ಭಾನುವಾರ ಬೆಳಿಗ್ಗೆ ಆರಾಧನೆ ನಡೆಯುತ್ತಿರುತ್ತದೆ, ಅದು ಮುಗಿಯುವವರೆಗೆ ಹೊರಗೆ ಕಾಯಿರಿ.

ಬಸ್ಸಿನ ದಾರಿ: ವೇಮುಲವಾಡ

ರೈಲು ಇನ್ನೂ ತಲುಪದ ಒಂದು ಊರಿಗಾಗಿ ನಿಯಮ ಮುರಿಯುತ್ತೇನೆ. ಜುಬಿಲಿ ಬಸ್ ನಿಲ್ದಾಣ ಮಲ್ಕಾಜ್‌ಗಿರಿಯಿಂದ ದೂರವಲ್ಲ. ಅಲ್ಲಿಂದ ಸಿದ್ದಿಪೇಟೆ, ಸಿರಿಸಿಲ್ಲ ಮೇಲೆ ವೇಮುಲವಾಡ. ಇಮ್ಮಡಿ ಅರಿಕೇಸರಿಯ ರಾಜಧಾನಿ, ಪಂಪ 'ವಿಕ್ರಮಾರ್ಜುನ ವಿಜಯ' ಬರೆದದ್ದು ಈ ಅರಸನನ್ನು ಅರ್ಜುನನೊಂದಿಗೆ ಸಮೀಕರಿಸಿ. ರಾಜರಾಜೇಶ್ವರನ ಗುಡಿಗೆ ಸೋಮವಾರ ವಿಪರೀತ ಜನ. ಶನಿವಾರ ಹೋಗಿ. ಭೀಮೇಶ್ವರ ಗುಡಿಯನ್ನೂ ನೋಡಿ ಕರೀಂನಗರದಲ್ಲಿ ಉಳಿಯಿರಿ.

ಭಾನುವಾರ ಬೆಳಿಗ್ಗೆ ಕರೀಂನಗರದಿಂದ ಜಗತ್ಯಾಲ ಕಡೆಯ ಬಸ್ಸಿನಲ್ಲಿ ಗಂಗಾಧರ ಮಂಡಲದ ಕುರಿಕ್ಯಾಲಕ್ಕೆ. ಬೊಮ್ಮಲಗುಟ್ಟ ಎಂಬ ಬೆಟ್ಟದ ಬಂಡೆಯಲ್ಲಿ ಚಕ್ರೇಶ್ವರಿಯ, ತೀರ್ಥಂಕರರ ಉಬ್ಬುಶಿಲ್ಪಗಳಿವೆ. ಕೆಳಗೆ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನ, ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ. ಪಂಪನ ಬಗ್ಗೆ ಅವನ ಸ್ವಂತ ತಮ್ಮನೇ ಕಲ್ಲಿನಲ್ಲಿ ಹೇಳಿದ ಮಾತು ಇದು. ಇಲ್ಲಿ ಟಿಕೆಟ್ ಕೌಂಟರೂ ಇಲ್ಲ, ಗೈಡೂ ಇಲ್ಲ. ಊರಿನವರನ್ನು ತೆಲುಗಿನಲ್ಲಿ "ಬೊಮ್ಮಲಗುಟ್ಟ ಎಕ್ಕಡ?" ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ನೀರು, ಟೋಪಿ, ಒಳ್ಳೆಯ ಚಪ್ಪಲಿ ಬೇಕು. ಒಬ್ಬರೇ ಹೋಗಬೇಡಿ. ಬಂಡೆಯ ಮೇಲೆ ಹೆಸರು ಗೀಚುವ, ಅಕ್ಷರ ಕಾಣಲೆಂದು ಸುಣ್ಣ ಅಥವಾ ಪುಡಿ ಬಳಿಯುವ ಕೆಲಸ ಯಾರು ಮಾಡಿದರೂ ತಡೆಯಿರಿ. ಶಾಸನದ ಫೋಟೋಗೆ ಬೆಳಗಿನ ಓರೆ ಬಿಸಿಲೇ ಸಾಕು.

ನಾಳೆ ಯುರೋಪಿಗೆ ಹೊರಡುವವರಿಗೆ

ಮಲ್ಕಾಜ್‌ಗಿರಿಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ವೀಸಾಗೆ ಕಾಯುತ್ತಿರುತ್ತಾರೆ. ಇಲ್ಲಿ ಕಲಿತ ಕ್ರಮ ಅಲ್ಲಿಯೂ ನಡೆಯುತ್ತದೆ: ಒಂದು ವಾರಕ್ಕೆ ಒಂದು ಹಳಿ, ದೂರದ್ದು ಮೊದಲು, ಮರಳುವ ಟಿಕೆಟ್ ಎಲ್ಲಕ್ಕಿಂತ ಮೊದಲು. ಜೊತೆಗೆ ಅಲ್ಲಿಗೆ ಮಾತ್ರ ಸಲ್ಲುವ ಕೆಲವು ವಿಷಯ ತಿಳಿದಿರಬೇಕು.

ಷೆಂಗನ್ ದೇಶಗಳು ಈಗ 29. ಒಂದು ಷೆಂಗನ್ ದೇಶದ ರೆಸಿಡೆನ್ಸ್ ಪರ್ಮಿಟ್ ಇರುವ ವಿದ್ಯಾರ್ಥಿ ಉಳಿದ ಷೆಂಗನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಬೇರೆ ವೀಸಾ ಇಲ್ಲದೆ ಇರಬಹುದು. ಓದುತ್ತಿರುವ ದೇಶದ ದಿನಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಗಡಿಯಲ್ಲಿ ಯಾರೂ ಕೇಳದಿದ್ದರೂ ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಕಾರ್ಡ್ ಎರಡೂ ಮೂಲಪ್ರತಿಯೇ ಚೀಲದಲ್ಲಿರಬೇಕು, ಮೊಬೈಲಿನಲ್ಲಿನ ಫೋಟೋ ಸಾಲದು. ಬ್ರಿಟನ್, ಐರ್ಲೆಂಡ್ ಈ ಗುಂಪಿಗೆ ಸೇರಿಲ್ಲ. ಲಂಡನ್ನಿಗೆ ಪ್ಯಾರಿಸ್‌ನಿಂದ ರೈಲಿದೆ ಎಂದು ಹೊರಟುಬಿಡುವಂತಿಲ್ಲ, ಬೇರೆಯೇ ವೀಸಾ ಬೇಕು.

ರೈಲು ಪಾಸ್ ಕೊಳ್ಳುವಾಗ ಬಹಳ ಜನ ತಪ್ಪು ಪಾಸ್ ಆರಿಸುತ್ತಾರೆ. ಯೂರೇಲ್ ಹೊರಗಿನಿಂದ ಬಂದ ಪ್ರವಾಸಿಗಳದು, 1972ರಲ್ಲಿ ಶುರುವಾದ ಇಂಟರ್‌ರೇಲ್ ಅಲ್ಲಿ ವಾಸಿಸುವವರದು. ನೋಡುವುದು ವಾಸದ ವಿಳಾಸವನ್ನು, ಪಾಸ್‌ಪೋರ್ಟಿನ ಬಣ್ಣವನ್ನಲ್ಲ. ಆದ್ದರಿಂದ ಪರ್ಮಿಟ್ ಪಡೆದು ಅಲ್ಲೇ ಓದುವ ಭಾರತೀಯರಿಗೆ ಇಂಟರ್‌ರೇಲ್. ಎರಡು ದಿನದ ತಿರುಗಾಟಕ್ಕೆ ಅಸಲಿಗೆ ಯಾವ ಪಾಸೂ ಬೇಡ, ಮೊದಲೇ ತೆಗೆದ ಬಿಡಿ ಟಿಕೆಟ್ ಅಗ್ಗವಾಗುತ್ತದೆ. ಜರ್ಮನಿಯಲ್ಲಿ 2023ರ ಮೇ ತಿಂಗಳಲ್ಲಿ ಬಂದ ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ ತಿಂಗಳಿಡೀ ದೇಶದ ಪ್ರಾದೇಶಿಕ ರೈಲುಗಳಲ್ಲೆಲ್ಲ ತಿರುಗಬಹುದು, ಐಸಿಇಯಂಥ ದೂರದ ವೇಗದ ರೈಲುಗಳನ್ನು ಮಾತ್ರ ಹತ್ತುವಂತಿಲ್ಲ.

ಅಗ್ಗದ ವಿಮಾನದ ಟಿಕೆಟಿನಲ್ಲಿ ಇಲ್ಲಿನಂತೆಯೇ ನಿಲ್ದಾಣದ ಹೆಸರನ್ನು ಎರಡು ಸಲ ಓದಬೇಕು. 'ಪ್ಯಾರಿಸ್ ಬೋವೆ' ವಿಮಾನ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 80 ಕಿಲೋಮೀಟರ್ ದೂರ, 'ಫ್ರಾಂಕ್‌ಫರ್ಟ್ ಹಾನ್' ಫ್ರಾಂಕ್‌ಫರ್ಟ್‌ನಿಂದ 100ಕ್ಕೂ ಹೆಚ್ಚು. ಬಸ್ಸಿನ ದುಡ್ಡು, ಚೀಲದ ದುಡ್ಡು ಸೇರಿಸಿದ ಮೇಲೆ ರಾತ್ರಿ ರೈಲಿನ ಬೆಲೆಯೊಂದಿಗೆ ಹೋಲಿಸಿ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ರಾತ್ರಿ ಮರಳಿದಾಗ ಕೋಣೆಯಲ್ಲಿ ಅಕ್ಕಿ ಬೇಳೆ ಇಲ್ಲದಿದ್ದರೆ ಹಸಿದು ಮಲಗಬೇಕಾದೀತು, ಶನಿವಾರ ಹೊರಡುವ ಮೊದಲೇ ತಂದಿಟ್ಟುಕೊಳ್ಳಿ.

ಇನ್ನು ಇಲ್ಲಿನವರಿಗೆ ಕಾಲದ ಮಾತು. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಮೇಲಿನ ಎಲ್ಲ ಊರುಗಳಿಗೂ ಒಳ್ಳೆಯದು. ದಸರಾ, ಸಂಕ್ರಾಂತಿಯ ವಾರ ಹೈದರಾಬಾದಿನಿಂದ ಹೊರಡುವ ರೈಲು ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ದಿನಗಳಲ್ಲಿ, ಪರೀಕ್ಷೆಯ ವಾರಗಳಲ್ಲಿ, ಅರ್ಧ ದಿನಕ್ಕೆ ಮೌಲಾಲಿ ಗುಡ್ಡ ಸಾಕು. ಮೇಲಿನ ದರ್ಗಾದಿಂದ ಇಡೀ ನಗರ ಕಾಣುತ್ತದೆ. ಗುಡ್ಡದ ಬುಡದಲ್ಲಿ ಉರ್ದು ಕವಯಿತ್ರಿ ಮಾಹ್ ಲಕಾ ಬಾಯಿಯ ಸಮಾಧಿ ಇದೆ, ತಾಯಿಗಾಗಿ ಆಕೆ 1792ರಲ್ಲಿ ಕಟ್ಟಿಸಿದ ಜಾಗದಲ್ಲೇ. ಮಲ್ಕಾಜ್‌ಗಿರಿಯಿಂದ ಆಟೋದಲ್ಲಿ ಸ್ವಲ್ಪವೇ ದೂರ, ಸಂಜೆ ಓದಲು ಕೂರುವ ಹೊತ್ತಿಗೆ ಮನೆಯಲ್ಲಿರಬಹುದು.